ಬಟವಾಡೆ ಇಲ್ಲದ ಕೆಲಸ

ನಮ್ಮ ಮನೆ ಇನ್ನೂ ಮುಗಿದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. 2022ರ ಸಂಕ್ರಾಂತಿ ಕಳೆದ ಮೇಲೆ ಹಂಚು ಇಳಿಸಿದ್ದು. ಇದನ್ನು ಬರೆಯುವ ಹೊತ್ತಿಗೆ ನಾಲ್ಕನೇ ವರ್ಷ ನಡೀತಾ ಇದೆ. ಗುತ್ತಿಗೆದಾರ ಇಲ್ಲ, ಎಂಜಿನಿಯರ್ ಇಲ್ಲ, ನಕ್ಷೆ ಇಲ್ಲ. ಅಪ್ಪನ ಕರಣೆ, ನನ್ನ ಬಾಂಡ್ಲಿ, ಅವ್ವನ ಬಿಂದಿಗೆ, ತಂಗಿಯ ಜರಡಿ. ಇಷ್ಟೇ ನಮ್ಮ ಕಂಪನಿ. ಮುಗಿದ ಮನೆಯ ಬಗ್ಗೆ ಬರೆಯುವವರು ಬಹಳ ಮಂದಿ ಇದ್ದಾರೆ. ಗೃಹಪ್ರವೇಶದ ಕಾರ್ಡಿಗೆ ನಾಲ್ಕು ಸಾಲು ಬರೆದುಕೊಡು ಅಂತ ನನ್ನನ್ನೇ ಕೇಳಿದವರಿದ್ದಾರೆ. ನಾನು ಬರೆಯಬೇಕು ಅಂದುಕೊಂಡಿರೋದು ಮುಗಿಯದ ಮನೆಯ ಬಗ್ಗೆ. ಅದರೊಳಗೇ ಉಂಡು, ಅದರೊಳಗೇ ಮಲಗಿ, ಅದನ್ನೇ ಕಟ್ಟುವವರು ಮನಸ್ಸು ಸಾಯದಂತೆ ವರ್ಷಗಟ್ಟಲೆ ಹೇಗೆ ನಡೆಸಿಕೊಂಡು ಹೋಗುತ್ತಾರೆ ಅನ್ನೋದರ ಬಗ್ಗೆ.

ನಂಜನಗೂಡು ಸೀಮೆಯ ಒಂದು ಕೇರಿ ನಮ್ಮದು. ತಾತನ ಕಾಲಕ್ಕೆ ಸಿಕ್ಕ ಜನತಾ ಮನೆ. 20 ಅಡಿ ಉದ್ದ, 15 ಅಡಿ ಅಗಲ. ಮಣ್ಣುಗಾರೆಯಲ್ಲಿ ಕೂರಿಸಿದ ಇಟ್ಟಿಗೆ ಗೋಡೆ, ಮೇಲೆ ಮಂಗಳೂರು ಹಂಚು. ಒಂದು ಪಡಸಾಲೆ, ಒಂದು ಅಡುಗೆಮನೆ. ಬಚ್ಚಲು ಅಂದರೆ ಹಿತ್ತಲಲ್ಲಿ ಗೋಣಿತಾಟು ಕಟ್ಟಿದ ಒಂದು ಕಲ್ಲುಚಪ್ಪಡಿ. ಮರದ ರೀಪುಗಳನ್ನು ಗೆದ್ದಲು ತಿಂದಿತ್ತು. ಗೋಡೆಯ ಬುಡದಲ್ಲಿ ತೇವ ಏರಿ, ಉಪ್ಪು ಹೊರಳಿ, ಕೈಯಿಟ್ಟರೆ ಪುಡಿಪುಡಿ ಉದುರುತ್ತಿತ್ತು. ಹಂಚು ಮಾತ್ರ ಗಟ್ಟಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ಹಾಕಿ ಈ ಜಾತಿಯ ಹಂಚು ಸುಡಲು ಶುರುಮಾಡಿದರಂತೆ. ಅಷ್ಟು ದೂರದಿಂದ ನಮ್ಮ ಕೇರಿಯ ನೆತ್ತಿಗೆ ಬಂದ ವಸ್ತು ಅದು. ನಾವು ಇಳಿಸಿದ್ದು 620 ಹಂಚು. ಒಡೆದದ್ದು 90. ಉಳಿದವನ್ನು ತೆಂಗಿನ ನಾರಿನಲ್ಲಿ ಉಜ್ಜಿ, ಪಾಚಿ ತೆಗೆದು, ಮತ್ತೆ ಮೇಲೇರಿಸಿದೆವು.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಅದರಲ್ಲಿ ‘ಕಟ್ಟಿ’ ಅನ್ನೋ ಮಾತು ಸುಳ್ಳು. ಅದು ಕಟ್ಟಿಸಿದವರ ಗಾದೆ. ದುಡ್ಡು ಎಣಿಸಿ ಎಣಿಸಿ ಸುಸ್ತಾದವರ ಗಾದೆ. ಕಟ್ಟಿದವರು ಗಾದೆ ಹೇಳುವಷ್ಟು ಹೊತ್ತು ಅಲ್ಲಿ ನಿಲ್ಲಲಿಲ್ಲ. ಶನಿವಾರ ಬಟವಾಡೆ ಈಸ್ಕೊಂಡು, ಸೋಮವಾರ ಇನ್ನೊಬ್ಬರ ಪಾಯಕ್ಕೆ ಇಳಿದರು.

ನನ್ನಪ್ಪ ಹಾಗೆ ಇಳಿದವನು. ಮೂವತ್ತು ವರ್ಷದಿಂದ ಗಾರೆ ಕೆಲಸ. ಬೆಳಿಗ್ಗೆ 7 ಗಂಟೆ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಮೈಸೂರಿಗೆ ಹೋದರೆ ಬರುವಾಗ ಕತ್ತಲು. ಹೊಸ ಬಡಾವಣೆಗಳಲ್ಲಿ ಅವನ ಕೈ ಆಡದ ರಸ್ತೆ ಕಡಿಮೆ. ತೂಗುಗುಂಡು ಬಿಡದೆಯೇ ಗೋಡೆ ಎಷ್ಟು ವಾಲಿದೆ ಅಂತ ಹೇಳಬಲ್ಲ. ಕೆಂಪು ಕಾವಿಯ ನೆಲವನ್ನು ಕನ್ನಡಿಯ ಹಾಗೆ ಎಳೆಯಬಲ್ಲ. ಆದರೆ ಕೊನೇ ದಿನ ನೆಲ ತೊಳೆದು ಹೊರಗೆ ಬಂದ ಮೇಲೆ ಆ ಮನೆಗಳ ಒಳಕ್ಕೆ ಅವನು ಕಾಲಿಟ್ಟಿಲ್ಲ. ಗೃಹಪ್ರವೇಶದ ದಿನ ಕರೆದು ಪಂಚೆ ಶಲ್ಯ ಕೊಟ್ಟವರಿದ್ದಾರೆ. ಎಲೆ ಹಾಕಿದ್ದು ಮಾತ್ರ ಸಿಮೆಂಟ್ ಮೂಟೆ ಇಡುವ ಶೆಡ್ಡಿನಲ್ಲಿ. ಸಾವಿರ ಕಿಟಕಿ ಕೂರಿಸಿದವನಿಗೆ ಕಿಟಕಿಯ ಒಳಗಿಂದ ಹೊರಗೆ ನೋಡುವ ಸುಖ ಏನು ಅಂತ ಗೊತ್ತಿರಲಿಲ್ಲ. ಇದನ್ನು ಅವನು ಯಾವತ್ತೂ ದೂರಾಗಿ ಹೇಳಿಲ್ಲ. ಬಿ.ಎ. ಓದಿದ ನನ್ನ ಎದೆಯಲ್ಲಿ ಮಾತ್ರ ಅದು ಜಲ್ಲಿಯ ಹಾಗೆ ಚುಚ್ಚುತ್ತದೆ.

ಇಂಥವನು ತನ್ನ ಮನೆಯ ಕೆಲಸವನ್ನು ಎರಡನೇ ವರ್ಷದಲ್ಲಿ ನಿಲ್ಲಿಸಿಬಿಟ್ಟ.

ಅದು ಎಲ್ಲ ಕೆಲಸದಲ್ಲೂ ಬರುವ ನಡುವಿನ ಕಾಲ. ಕೆಡವುವಾಗ ಉತ್ಸಾಹ ಇರುತ್ತದೆ; ಹಾರೆ ಹಾಕಿದರೆ ಧೂಳೇಳುತ್ತದೆ, ಏನೋ ಆಗ್ತಾ ಇದೆ ಅನ್ನಿಸುತ್ತದೆ. ಮುಗಿಯುವಾಗಲೂ ಉತ್ಸಾಹ ಇರುತ್ತದಂತೆ. ಅದನ್ನು ಕಂಡವರು ಹೇಳುತ್ತಾರೆ. ನಡುವೆ ಇರೋದು ಬರೀ ಕೆರೆದ ಗೋಡೆ. ಹಳೇ ಗಾರೆ ಕಿತ್ತು, ಇಟ್ಟಿಗೆಯ ಸಂದನ್ನು ಅರ್ಧ ಇಂಚು ಕೆರೆದು ಬಿಟ್ಟ ಮನೆ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಅರ್ಧ ಬರೆದ ಕವಿತೆಯಾದರೆ ಜೇಬಿನಲ್ಲಿರುತ್ತದೆ, ಯಾರಿಗೂ ಕಾಣುವುದಿಲ್ಲ. ಅರ್ಧ ಕೆಡವಿದ ಗೋಡೆ ಊರಿಗೆಲ್ಲ ಕಾಣುತ್ತದೆ. ‘ಏನಪ್ಪ, ಇನ್ನೂ ಮುಗೀನಿಲ್ವಾ?’ ಅಂತ ಹಾಲಿನ ಡೈರಿ ಹತ್ತಿರ ಒಬ್ಬ ಕೇಳುತ್ತಾನೆ. ‘ಡಿಗ್ರಿ ಮಾಡ್ಕಂಡು ಬಾಂಡ್ಲಿ ಹೊರ್ತಾ ಇದ್ದೀಯಲ್ಲೋ’ ಅಂತ ಇನ್ನೊಬ್ಬ. ಮೂರು ತಿಂಗಳು ಅಪ್ಪ ಕರಣೆ ಮುಟ್ಟಲಿಲ್ಲ. ಸಂಜೆ ಬಂದವನು ಗೋಡೆಗೆ ಬೆನ್ನು ಕೊಟ್ಟು ಕೂತು, ರೇಡಿಯೋ ಹಾಕಿಕೊಂಡು, ಕಣ್ಣು ಮುಚ್ಚುತ್ತಿದ್ದ.

ಮೈದಣಿವು ಅಂತ ನಾನು ತಿಳಿದುಕೊಂಡಿದ್ದೆ. ಒಂದು ರಾತ್ರಿ ಕೇಳಿಯೇಬಿಟ್ಟೆ. ಅವನು ಹೇಳಿದ್ದು ಇಷ್ಟು:

‘ಕೂಲಿಗೆ ಹೋದ್ರೆ ಬೆಳಿಗ್ಗೆ ಮೇಸ್ತ್ರಿ ಬತ್ತಾನೆ. ಇವತ್ತು ಇಲ್ಲೀಗಂಟ ಅಂತ ಗೆರೆ ಎಳೀತಾನೆ. ಸಂಜೆ ಬಂದು ನೋಡ್ತಾನೆ. ಶನಿವಾರ ಕಾಸು ಕೈಗೆ ಬತ್ತದೆ. ಆ ವಾರ ಅಲ್ಲಿಗೆ ಮುಗೀತು. ಇಲ್ಲಿ ಯಾರ್ಲಾ ಅವ್ರೆ? ಗೋಡೇನೂ ನಂದೆ, ಮೇಸ್ತ್ರೀನೂ ನಾನೆ, ಕೂಲಿಯೋನೂ ನಾನೆ. ಲೆಕ್ಕ ಯಾರ್ಗೆ ಒಪ್ಸದು?’

ಗೆಳೆಯರೇ, ಈ ಮಾತನ್ನು ನಾನು ಎಷ್ಟೋ ದಿನ ಯೋಚನೆ ಮಾಡಿದ್ದೇನೆ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಯಶಸ್ಸಿನ ಪುಸ್ತಕಗಳು ಮಾರುತ್ತಾರಲ್ಲ, ಅವುಗಳಲ್ಲಿ ಪ್ರೇರಣೆ ಅನ್ನೋದು ಒಳಗಿನಿಂದ ಬರುವ ಒಂದು ಬೆಂಕಿ. ಬೆಂಕಿ ಇಲ್ಲದವನು ಸೋಮಾರಿ. ಅಪ್ಪ ಸೋಮಾರಿಯಲ್ಲ. ಅವನ ಮೂವತ್ತು ವರ್ಷದ ದುಡಿಮೆಯನ್ನು ಕಟ್ಟಿ ನಿಲ್ಲಿಸಿದ್ದು ಬೆಂಕಿಯಲ್ಲ, ವಾರ. ವಾರಕ್ಕೊಂದು ಗೆರೆ, ವಾರಕ್ಕೊಂದು ಲೆಕ್ಕ, ವಾರಕ್ಕೊಂದು ಬಟವಾಡೆ. ಅದು ಒಡೆಯನ ವಾರ, ಒಡೆಯನ ಲೆಕ್ಕ. ಅದರೊಳಗೆ ಸುಲಿಗೆಯೂ ಇದೆ. ಆದರೆ ಆ ಚೌಕಟ್ಟನ್ನು ತೆಗೆದು, ನಿನ್ನ ಮನೆ ನೀನೇ ಕಟ್ಟಿಕೋ ಅಂದಾಗ, ತನ್ನದೇ ಅನ್ನುವ ಒಂದು ವಾರವೂ ಅವನ ಹತ್ತಿರ ಇರಲಿಲ್ಲ. ನಮ್ಮವರ ದುಡಿಮೆಯನ್ನು ಮಾತ್ರವಲ್ಲ, ದುಡಿಮೆಯ ಲೆಕ್ಕ ಹಾಕುವ ಹಕ್ಕನ್ನೂ ಬೇರೆಯವರು ಇಟ್ಟುಕೊಂಡಿದ್ದರು ಅನ್ನೋದು ನನಗೆ ತಿಳಿದದ್ದು ಹೀಗೆ.

ಒಲೆ ಮುಂದೆ ಕೂತಿದ್ದ ಅವ್ವ ಅಲ್ಲಿಂದಲೇ ಹೇಳಿದಳು: ‘ನಂಗೊಪ್ಸಿ. ಈ ಮನೆ ಮೇಸ್ತ್ರಿ ನಾನು.’

ತಮಾಷೆಗೆ ಹೇಳಿದ್ದಲ್ಲ. ಮಾರನೇ ವಾರದಿಂದಲೇ ನಡೆಸಿದಳು. ನಮ್ಮ ಮನೆಗೆ ಕೆಲಸದ ದಿನ ಭಾನುವಾರ. ಮಿಕ್ಕ ದಿನ ಸಂಜೆ ಒಂದೊಂದು ತಾಸು. ಭಾನುವಾರ ಬೆಳಿಗ್ಗೆ ಅವ್ವ ಇದ್ದಿಲಿನಲ್ಲಿ ಗೋಡೆ ಮೇಲೆ ಒಂದು ಗೆರೆ ಎಳೆಯುತ್ತಿದ್ದಳು. ಸಂಜೆಗೆ ಅಲ್ಲಿಗೆ ಮುಟ್ಟಬೇಕು. ಮುಟ್ಟಿದರೆ ಬಾಡಿನೆಸರು, ಮುದ್ದೆ. ಮುಟ್ಟದಿದ್ದರೆ ಉಪ್ಪೆಸರು. ನಗಬೇಡಿ. ಇದು ಬಟವಾಡೆ. ಇದಕ್ಕೆ ಅವಳು ಒಂದು ಕಾನೂನು ಸೇರಿಸಿದಳು: ಆ ವಾರ ಮುಗಿದದ್ದು ಅವತ್ತೇ ಬಳಕೆಗೆ ಬರಬೇಕು. ಗೂಡು ಮುಗಿದರೆ ಅವತ್ತೇ ಅದರಲ್ಲಿ ದೀಪ. ಹೊಸ್ತಿಲು ಕೂತರೆ ಮಾರನೇ ಬೆಳಿಗ್ಗೆಯೇ ಅದರ ಮುಂದೆ ರಂಗೋಲಿ. ಇಡೀ ಮನೆ ಮುಗಿದ ಮೇಲೆ ಸುಖ ಅಂತ ಇಟ್ಟುಕೊಂಡರೆ ನಾಲ್ಕು ವರ್ಷ ಸುಖವಿಲ್ಲ. ಮೂರಡಿ ಮುಗಿದರೆ ಮೂರಡಿಯ ಸುಖ.

ಯಾವುದು ಮೊದಲು ಅನ್ನುವ ಪಟ್ಟಿಯೂ ಅವಳದೇ. ಅಪ್ಪನಿಗೆ ಬೀದಿಗೆ ಕಾಣುವ ಮುಂದಿನ ಗೋಡೆ ಮೊದಲಾಗಬೇಕಿತ್ತು. ನನಗೆ ಓದೋಕೆ ಒಂದು ಮೂಲೆ. ಅವ್ವ ಹೇಳಿದ್ದು ಬಚ್ಚಲು. ‘ಹೆಣ್ಮಗು ಕತ್ಲಾಗೋಗಂಟ ಕಾಯ್ಕಂಡು ಕೂತದೆ, ನಿಮ್ಗೆ ಮುಂದ್ಲ ಗೋಡೆ ಬಣ್ಣ ಬೇಕಾ?’ ಅಂದಳು. ಎರಡು ತಿಂಗಳಲ್ಲಿ ಬಚ್ಚಲಿಗೆ ಗೋಡೆ ಬಂತು, ತಗಡಿನ ಬಾಗಿಲು ಬಂತು, ಒಳಗಿನಿಂದ ಚಿಲಕ ಬಂತು. ತಂಗಿ ಮೊದಲ ದಿನ ಆ ಚಿಲಕ ಹಾಕಿಕೊಂಡು ಒಂದು ಗಂಟೆ ಹೊರಗೆ ಬರಲಿಲ್ಲ. ಆಮೇಲೆ ಕೆಲಸ ನಿಲ್ಲಿಸೋಣ ಅನ್ನುವ ಮಾತು ನಮ್ಮಲ್ಲಿ ಯಾರ ಬಾಯಲ್ಲೂ ಬಂದಿಲ್ಲ. ತುಂಬಾ ದಿನ ನಡೆಯುವ ಕೆಲಸದಲ್ಲಿ ಮೊದಲು ಮುಗಿಸಬೇಕಾದ್ದು ಕಣ್ಣಿಗೆ ಚೆಂದ ಕಾಣೋದನ್ನಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರ ಕಷ್ಟವನ್ನು ಇಳಿಸೋದನ್ನ.

ಒಂದು ವಿಷಯ ಗಮನಿಸಿ. ಕೆಲಸವನ್ನು ಹಂತಕ್ಕೆ ಕಡಿಯಬೇಕು ಅನ್ನೋದು ಸರ್ಕಾರಕ್ಕೂ ಗೊತ್ತು. 1985ರಲ್ಲಿ ಬಂದ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಆದಾಗ ಬಯಲು ಸೀಮೆಯ ಒಂದು ಮನೆಗೆ 1 ಲಕ್ಷ 20 ಸಾವಿರ ರೂಪಾಯಿ, ಕನಿಷ್ಠ 25 ಚದರ ಮೀಟರ್ ಅಂತ ಗೊತ್ತುಮಾಡಿದರು. ಆ ದುಡ್ಡು ಒಂದೇ ಸಲ ಬರುವುದಿಲ್ಲ. ಕೆಲಸ ಎಲ್ಲಿಗೆ ಬಂತು ಅಂತ ಫೋಟೋ ತೆಗೆದು ಏರಿಸಿದ ಮೇಲೆ ಕಂತು ಕಂತಾಗಿ ಬರುತ್ತದೆ. ಆದರೆ ಅದು ಮನೆ ಇಲ್ಲದವರಿಗೆ, ಕಚ್ಚಾ ಮನೆಯವರಿಗೆ. ಇಟ್ಟಿಗೆ ಗೋಡೆ, ಮಂಗಳೂರು ಹಂಚು ಇರುವ ನಾವು ಲೆಕ್ಕದಲ್ಲಿ ಮನೆಯುಳ್ಳವರು. ತಾತನಿಗೆ ಸಿಕ್ಕ ಮನೆ ಮೊಮ್ಮಗನ ತಲೆಮೇಲೆ ಸೋರುತ್ತಿದ್ದರೆ ಅದು ಸೋರುವ ಪಕ್ಕಾ ಮನೆ. ಹಾಗಾಗಿ ನಮ್ಮ ಕಂತನ್ನು ನಾವೇ ಕಟ್ಟಿಕೊಳ್ಳಬೇಕಾಯಿತು. ಫೋಟೋ ತೆಗೆಯುವ ಅಧಿಕಾರಿಯ ಜಾಗದಲ್ಲಿ ಅವ್ವನ ಇದ್ದಿಲು.

ನಾನು ಮಾಡಿದ್ದು ಪುಸ್ತಕ ಬರೆಯುವ ಕೆಲಸ. ಎಂದರೆ ಇನ್ನೂರು ಪುಟದ ಒಂದು ಲೆಕ್ಕದ ಪುಸ್ತಕ. ಎಡಗಡೆ ಮುಗಿದದ್ದು, ಬಲಗಡೆ ಉಳಿದದ್ದು. ಮನಸ್ಸು ಕುಸಿದ ದಿನ ಬಲಗಡೆ ನೋಡಬಾರದು ಅಂತ ನಿಯಮ. ಇಲ್ಲಿಗೆ 38 ಮೂಟೆ ಸಿಮೆಂಟು, ಏಳು ಟ್ರ್ಯಾಕ್ಟರ್ ಎಂ ಸ್ಯಾಂಡು, ಒಂದು ಬಾಗಿಲು, ಎರಡು ಕಿಟಕಿ. ಓದೋಕೆ ಬಾರದ ಅವ್ವ ಕೂಡ ಎಡಗಡೆಯ ಸಾಲು ಉದ್ದವಾಗುತ್ತಿರೋದನ್ನು ಬೆರಳಲ್ಲಿ ಅಳೆದು ನೋಡುತ್ತಾಳೆ. ನಾನು ಬರೆದ ಕವಿತೆಗಳಲ್ಲಿ ಅವಳು ಮುಟ್ಟಿ ನೋಡಿದ್ದು ಯಾವುದೂ ಇಲ್ಲ.

ಇನ್ನೊಂದು ಪಟ್ಟಿ ಇದೆ: ಕಾಸಿಲ್ಲದ ಕೆಲಸದ ಪಟ್ಟಿ. ಸ್ವಂತ ಕೈಯಲ್ಲಿ ಕಟ್ಟುವವರಿಗೆ ಇದು ಬಹಳ ಮುಖ್ಯ. ನನ್ನ ಸಂಬಳ ಖಾಸಗಿ ಶಾಲೆಯಲ್ಲಿ ಕನ್ನಡ ಹೇಳಿಕೊಡುವವನ ಸಂಬಳ. ಅಪ್ಪನ ಕೂಲಿ ಮಳೆ ಬಂದರೆ ಇಲ್ಲ. ತಿಂಗಳುಗಟ್ಟಲೆ ಒಂದು ಮೂಟೆ ಸಿಮೆಂಟಿಗೂ ದುಡ್ಡಿರುವುದಿಲ್ಲ. ಆಗ ಕೈ ಕಟ್ಟಿ ಕೂತರೆ ಮನಸ್ಸು ತುಕ್ಕು ಹಿಡಿಯುತ್ತದೆ. ಹಳೇ ಮೊಳೆ ಕಿತ್ತು ನೆಟ್ಟಗೆ ಮಾಡೋದು, ಇಟ್ಟಿಗೆಗೆ ಅಂಟಿದ ಮಣ್ಣು ಕೆರೆದು ಪೇರಿಸೋದು, ಮರಳು ಜರಡಿ ಹಿಡಿಯೋದು, ಹಂಚು ಉಜ್ಜೋದು. ಇವಕ್ಕೆ ಪೈಸೆ ಬೇಡ. ದುಡ್ಡು ಬಂದ ದಿನ ಕೆಲಸ ಅರ್ಧ ಆಗಿಯೇ ಇರುತ್ತದೆ.

ಕಾಯೋದನ್ನೂ ಕೆಲಸ ಅಂತ ಲೆಕ್ಕ ಹಿಡಿಯೋದನ್ನು ಅಪ್ಪನಿಂದ ಕಲಿತೆ. ಗೋಡೆಗೆ ಒಂದಕ್ಕೆ ಆರರ ಗಾರೆ ಬಳಿದ ಮೇಲೆ ಕಮ್ಮಿ ಅಂದರೂ 7 ದಿನ ನೀರು ಹೊಡೆಯಬೇಕು. ಸಿಮೆಂಟು ಒಣಗಿ ಗಟ್ಟಿಯಾಗೋದಲ್ಲ, ನೀರು ಕುಡಿದು ಗಟ್ಟಿಯಾಗೋದು. ಕಾಂಕ್ರೀಟಿನ ಬಲ ಅಳೆಯೋದೇ 28ನೇ ದಿನ. ‘ಗೋಡೆ ನೀರು ಕುಡೀತಾ ಇರೋವಾಗ ನೀನು ಸುಮ್ನೆ ಕೂತಿದ್ರೂವೆ ಕೆಲ್ಸ ನಡೀತಿರ್ತದೆ ಕಣ್ಲಾ’ ಅನ್ನುತ್ತಾನೆ. ಬುಡದ ಮೂರಡಿಗೆ ಅವನು ಸಿಮೆಂಟು ಮುಟ್ಟಿಸಲೇ ಇಲ್ಲ. ನೆಲದ ತೇವ ಮೇಲೇರುವ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಹತ್ತುತ್ತದೆ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಸುಣ್ಣ ನೆನೆಹಾಕಿ, ಕೊಳೆಯಲು ಬಿಟ್ಟು, ಅರೆದು ಬಳಿಯೋದು ನಿಧಾನದ ಕೆಲಸ. ಬೇರೆಯವರ ಮನೆಯಲ್ಲಿ ಆ ನಿಧಾನಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ತನಗೆ ಗೊತ್ತಿರುವುದನ್ನು ಪೂರ್ತಿಯಾಗಿ ಮಾಡುವ ಅವಕಾಶ ಅಪ್ಪನಿಗೆ ಸಿಕ್ಕಿದ್ದು ತನ್ನ ಮನೆಯ ಬುಡದಲ್ಲಿ. ಅವತ್ತು ಅವನು ಕರಣೆ ಹಿಡಿದ ರೀತಿಯೇ ಬೇರೆ ಇತ್ತು.

ಇನ್ನು ಮುಯ್ಯಾಳು. ಹಂಚು ಏರಿಸುವ ದಿನ, ಕಾವಿ ನೆಲ ಎಳೆಯುವ ದಿನ ನಾಲ್ಕು ಜನ ಸಾಲದು. ಕಾವಿ ನೆಲವನ್ನು ಒಂದೇ ಉಸಿರಿಗೆ ಎಳೆದು ಮುಗಿಸಬೇಕು. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಕೂತು ಸಾಯೋವರೆಗೂ ಕಣ್ಣು ಚುಚ್ಚುತ್ತದೆ. ಅಂಥ ದಿನ ಕೇರಿಯ ಎಂಟು ಹತ್ತು ಹುಡುಗರು ಬರುತ್ತಾರೆ. ಅವರ ಮನೆಯ ಕೆಲಸಕ್ಕೆ ನಾವು ಹೋಗುತ್ತೇವೆ. ನಮ್ಮ ಕೇರಿಯ ತಾರಸಿ ಮನೆಗಳ ನೆತ್ತಿಯಲ್ಲಿ ಕಂಬಿಗಳು ಹಾಗೇ ನಿಂತಿವೆ, ಮೇಲೊಂದು ಅಂತಸ್ತು ಬರುತ್ತದೆ ಅಂತ ಬಿಟ್ಟವು. ಪೇಟೆಯವರು ನೋಡಿ, ಇವರದು ಯಾವುದೂ ಮುಗಿಯೋದಿಲ್ಲ ಅನ್ನುತ್ತಾರೆ. ಅಪ್ಪ ವರ್ಷಕ್ಕೊಮ್ಮೆ ಏಣಿ ಹಾಕಿಕೊಂಡು ಹತ್ತಿ ಆ ಕಂಬಿಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟು ಹಾಲು ಬಳಿದು ಬರುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ‘ನಾಳೆ ಕಟ್ಟೋವಾಗ ಕಂಬಿ ಗಟ್ಟಿಯಾಗಿರ್ಬೇಕಲ್ಲ’ ಅಂತಾನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರದ ಮಾತೂ ಹೇಳಬೇಕು. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೊತ್ತಿಗೆ ದಶರಥ ಮಾಂಝಿಯ ಕತೆ ಹೇಳಿಸುತ್ತಾರೆ. ಬಿಹಾರದ ಗೆಹ್ಲೋರ್ ಊರಿನ ಮುಸಹರ ಜಾತಿಯ ಕೂಲಿಯಾಳು ಆತ. ಹೆಂಡತಿ ಸತ್ತ ಮೇಲೆ ಸುತ್ತಿಗೆ, ಉಳಿ ಹಿಡಿದು 1960ರಿಂದ 1982ರವರೆಗೆ, 22 ವರ್ಷ ಗುಡ್ಡ ಕಡಿದು 360 ಅಡಿ ಉದ್ದದ ದಾರಿ ಮಾಡಿದ. 2007ರಲ್ಲಿ ತೀರಿಕೊಂಡ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಛಲ ಅಂದರೆ ಇದು ಅಂತ ಮೇಷ್ಟ್ರು ಹೇಳುತ್ತಾರೆ. ನಾನು ಮನೆಗೆ ಬಂದು ಅಪ್ಪನಿಗೆ ಈ ಕತೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ‘ಒಬ್ನೇ ಯಾಕೆ ಕಡ್ದ? ಊರೋರು ಎಲ್ಲೋಗಿದ್ರು? ರಸ್ತೆ ಮಾಡೋರು ಎಲ್ಲೋಗಿದ್ರು?’ ಅಂದ.

ಮಾಂಝಿಗೆ ನನ್ನ ತಲೆ ಬಾಗುತ್ತದೆ. ಆದರೆ ಅವನ ಛಲವನ್ನು ಹೊಗಳಿ ಆ 22 ವರ್ಷದ ಪ್ರಶ್ನೆಯನ್ನು ಮುಚ್ಚುವವರಿಗೆ ಬಾಗುವುದಿಲ್ಲ. ಬಡವನ ಛಲವನ್ನು ಹೊಗಳುವುದು ಬಹಳ ಅಗ್ಗದ ಕೆಲಸ. ನೀವು ಗಟ್ಟಿಗರು, ನಾಲ್ಕು ವರ್ಷ ಅರ್ಧ ಸೂರಿನಲ್ಲಿ ಬದುಕಬಲ್ಲಿರಿ ಅನ್ನುವ ಮಾತಿನ ಹಿಂದೆ, ಬದುಕಿ ಅನ್ನುವ ಅಪ್ಪಣೆಯೂ ಇರುತ್ತದೆ. ನಮಗೆ ದುಡ್ಡಿದ್ದಿದ್ದರೆ ಇದು ಎರಡು ತಿಂಗಳ ಕೆಲಸ. ನಾವು ಛಲಕ್ಕಾಗಿ ಕಟ್ಟುತ್ತಿಲ್ಲ. ಸೋರುತ್ತದೆ ಅಂತ ಕಟ್ಟುತ್ತಿದ್ದೇವೆ. ಮನಸ್ಸು ಸಾಯದ ಹಾಗೆ ನೋಡಿಕೊಳ್ಳೋದು ನಮ್ಮ ದೊಡ್ಡ ಗುಣವಲ್ಲ, ಅದು ಮೂಟೆ, ಗೆರೆ, ವಾರಗಳ ಲೆಕ್ಕ. ಈ ಲೆಕ್ಕ ಯಾರು ಬೇಕಾದರೂ ಕಲಿಯಬಹುದು. ಯಾರೂ ಕಲಿಯಲೇಬೇಕಾದ ಸ್ಥಿತಿ ಬರಬಾರದು.

ಬಾಬಾಸಾಹೇಬರು 1917ರಲ್ಲಿ ವಿದೇಶದ ಓದಿನಿಂದ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅವರಿಗೆ ಆ ಊರಲ್ಲಿ ಇರಲು ಒಂದು ಸೂರು ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದಲ್ಲಿದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಅದೇ ಮನುಷ್ಯ 1930ರ ದಶಕದಲ್ಲಿ ಮುಂಬಯಿಯ ದಾದರಿನಲ್ಲಿ ‘ರಾಜಗೃಹ’ ಕಟ್ಟಿಸಿದರು, ತಮ್ಮ ಪುಸ್ತಕಗಳಿಗೂ ಒಂದು ಮನೆ ಬೇಕು ಅಂತ. ಇದನ್ನು ಓದಿದ ದಿನ ನನ್ನ ಲೆಕ್ಕದ ಪುಸ್ತಕದ ಬಲಗಡೆ ಒಂದು ಸಾಲು ಸೇರಿಸಿದೆ: ಪುಸ್ತಕದ ಗೂಡು. ಅವ್ವ ಒಪ್ಪಿಗೆ ಕೊಡೋಕೆ ಒಂದು ವರ್ಷ ತೆಗೆದುಕೊಂಡಳು. ಹಿಟ್ಟಿನ ಡಬ್ಬಕ್ಕೆ ಮೊದಲು ಜಾಗವಾಗಬೇಕು ಅಂದಳು, ಅದು ನ್ಯಾಯ. ಹೋದ ಮಾಘದಲ್ಲಿ ಅಪ್ಪ ಪಡಸಾಲೆಯ ಗೋಡೆಯಲ್ಲಿ ಮೂರಡಿ ಅಗಲ, ನಾಲ್ಕಡಿ ಎತ್ತರದ ಗೂಡು ಬಿಟ್ಟು, ಮೂರು ಕಡಪ ಕಲ್ಲು ಕೂರಿಸಿದ. ರಸಮಟ್ಟ ಇಟ್ಟು ಎರಡೆರಡು ಸಲ ನೋಡಿದ. ‘ಎಷ್ಟು ಭಾರ ಇರ್ತವೆ ನಿನ್ ಪುಸ್ತಕ?’ ಅಂತ ಕೇಳಿದ. ಕೈಗೆ ಒಂದು ಕಟ್ಟು ಕೊಟ್ಟೆ. ತೂಗಿ ನೋಡಿ, ಇನ್ನೊಂದು ಕಲ್ಲು ದಪ್ಪ ಹಾಕಿದ.

ಬಲಗಡೆ ಉಳಿದಿರೋದು ಇಷ್ಟು: ಅಡುಗೆಮನೆಯ ನೆಲ, ಹಿತ್ತಲ ಗೋಡೆಯ ಹೊರಮೈ, ಹೊಗೆ ಹೋಗೋಕೆ ಒಂದು ಗವಾಕ್ಷಿ, ಮುಂದಿನ ಗೋಡೆಗೆ ಬಣ್ಣ. ಬಣ್ಣ ಯಾವುದು ಅಂತ ಇನ್ನೂ ಜಗಳ ನಡೀತಾ ಇದೆ. ತಂಗಿ ನೀಲಿ ಅಂತಾಳೆ, ಅಪ್ಪ ಸುಣ್ಣ ಸಾಕು ಅಂತಾನೆ. ಈ ಭಾನುವಾರದ ಗೆರೆ ಗವಾಕ್ಷಿಗೆ ಎಳೆದಾಗಿದೆ.